ಅಲ್ಲಿ ಹೇಗಿದೆ ಎಂದು ಕೇಳುವ ಮೊದಲು

ಮೈಸೂರಿನ ಒಂಟಿಕೊಪ್ಪಲಿನ ಬಹುಪಾಲು ಮನೆಗಳಲ್ಲಿ ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಮಾತು ಹೊರದೇಶಕ್ಕೆ ಹೋಗಿರುತ್ತದೆ. ಮಗ ಡಲ್ಲಾಸ್‌ನಲ್ಲಿ, ಸೊಸೆಯ ತಂಗಿ ಮ್ಯೂನಿಕ್‌ನಲ್ಲಿ, ಪಕ್ಕದ ಮನೆಯವರ ಅಳಿಯ ದುಬೈನಲ್ಲಿ. ‘ಅಲ್ಲಿ ಹೇಗಿದೆಯಂತೆ?’ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅಲ್ಲಿ ಎಲ್ಲ ವ್ಯವಸ್ಥಿತ, ನಮ್ಮಲ್ಲಿ ಏನೂ ನೆಟ್ಟಗಿಲ್ಲ ಎಂಬುದು ಒಂದು. ಅಲ್ಲಿ ದುಡ್ಡಿದೆ, ಆದರೆ ಜನವಿಲ್ಲ. ನಮ್ಮಲ್ಲಿ ಕಷ್ಟಸುಖಕ್ಕೆ ನಾಲ್ಕು ಜನ ಇದ್ದಾರೆ ಎಂಬುದು ಇನ್ನೊಂದು. ಒಬ್ಬರೇ ಒಂದೇ ಸಂಜೆ ಎರಡನ್ನೂ ಹೇಳುವುದನ್ನು ನಾನು ಕೇಳಿದ್ದೇನೆ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎರಡೂ ಮಾತಿನ ತಳದಲ್ಲಿ ಯಾರೂ ಪರೀಕ್ಷಿಸದೆ ಬಿಟ್ಟ ಒಂದು ನಂಬಿಕೆ ಇದೆ. ಒಂದು ದೇಶದಲ್ಲಿ ಬದುಕು ಇಂಥದ್ದು ಎಂದು ಹೇಳಬಹುದು, ಹಾಗೆ ಹೇಳಿ ಇನ್ನೊಂದು ದೇಶದ ಪಕ್ಕದಲ್ಲಿಟ್ಟು ತೂಗಬಹುದು ಎಂಬ ನಂಬಿಕೆ. ನನ್ನ ಅನುಮಾನವಿರುವುದು ಅದರ ಬಗ್ಗೆ.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಕಲಿಸುತ್ತಿದ್ದ ಕೆ. ಪಟ್ಟಾಭಿ ಜೋಯಿಸರ ಬಳಿಗೆ 1964ರಲ್ಲಿ ಬೆಲ್ಜಿಯಂನ ಆಂದ್ರೆ ವ್ಯಾನ್ ಲಿಸೆಬೆತ್ ಬಂದರು. ಅವರ ಬರಹದ ಮೂಲಕ ಜೋಯಿಸರ ಹೆಸರು ಯುರೋಪಿನಲ್ಲಿ ಹರಡಿತು. ಒಬ್ಬೊಬ್ಬರಾಗಿ ಬರುತ್ತಿದ್ದವರು ಮುಂದೆ ಗುಂಪು ಗುಂಪಾಗಿ ಬಂದರು. 2002ರಲ್ಲಿ ಯೋಗಶಾಲೆ ಗೋಕುಲಂಗೆ ಬಂದ ಮೇಲೆ ಅಲ್ಲಿಯ, ಅದರ ನೆರೆಯ ಒಂಟಿಕೊಪ್ಪಲು, ಜಯಲಕ್ಷ್ಮೀಪುರಂಗಳ ಮಹಡಿ ಮನೆಗಳಿಗೆ ಹೊಸ ಬಗೆಯ ಬಾಡಿಗೆದಾರರು ಸಿಕ್ಕರು. 2009ರಲ್ಲಿ ಜೋಯಿಸರು ತೀರಿಕೊಂಡರು, ಬರುವವರು ನಿಲ್ಲಲಿಲ್ಲ. ಮೈಸೂರಿನಲ್ಲಿರುವ ಹೊರದೇಶದವರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇವರೇ: ಬೆಳಗಿನ ಅಭ್ಯಾಸ ಮುಗಿಸಿ ಎಳನೀರಿನ ಗಾಡಿಯ ಹತ್ತಿರ ನಿಂತಿರುವವರು, ಸ್ಕೂಟರಿಗೆ ಯೋಗದ ಚಾಪೆ ಸಿಕ್ಕಿಸಿಕೊಂಡು ಹೋಗುವವರು.

ಆದರೆ ಇದೇ ಬೀದಿಗಳಲ್ಲಿ ಬೇರೆ ವಿದೇಶಿಯರೂ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಇರಾನ್, ಯೆಮನ್, ಅಫ್ಘಾನಿಸ್ತಾನ, ಆಫ್ರಿಕಾದ ದೇಶಗಳಿಂದ ಓದಲು ಬಂದವರು ಇದ್ದಾರೆ. ರಾತ್ರಿ ಸೀಟಿ ಊದುತ್ತ ಬೀದಿ ಕಾಯುವ, ತಿಂಗಳಿಗೊಮ್ಮೆ ಗೇಟಿನ ಮುಂದೆ ನಿಂತು ‘ಅಮ್ಮಾ, ಗೂರ್ಖಾ’ ಎನ್ನುವ ನೇಪಾಳದವನಿದ್ದಾನೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಬೈಲಕುಪ್ಪೆಯ ಟಿಬೆಟನ್ನರಿದ್ದಾರೆ. ಈ ನಾಲ್ವರನ್ನೂ ಒಟ್ಟಿಗೆ ಕೂರಿಸಿ ‘ಭಾರತದಲ್ಲಿ ಬದುಕು ಹೇಗಿದೆ?’ ಎಂದು ಕೇಳಿದರೆ ಏನು ಉತ್ತರ ಬಂದೀತು?

ಯೋಗ ಕಲಿಯಲು ಬಂದವರಿಗೆ ಇದು ಅಗ್ಗದ, ಬೆಚ್ಚಗಿನ, ಅವಸರವಿಲ್ಲದ ಊರು. ಪ್ರವಾಸಿ ವೀಸಾದಲ್ಲೇ ಅಲ್ಪಾವಧಿಯ ಯೋಗ ಕಲಿಕೆಗೆ ಅವಕಾಶವಿದೆ. ಮನೆ ಬೇಗ ಸಿಗುತ್ತದೆ, ಕೇಳಿದ ಬಾಡಿಗೆ ಅವರಿಗೆ ಭಾರವೆನಿಸುವುದಿಲ್ಲ. ಆಫ್ರಿಕಾದ ವಿದ್ಯಾರ್ಥಿಗೆ ಅದೇ ಬೀದಿಯಲ್ಲಿ ಮನೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮನೆಯೊಡೆಯರು ಮಾಂಸದ ಅಡುಗೆಯ ಕಾರಣ ಕೊಡುತ್ತಾರೆ. ಆದರೆ ಯುರೋಪಿನವರನ್ನು ಆ ಪ್ರಶ್ನೆ ಕೇಳುವುದು ನಾನು ಕಂಡಂತೆ ಅಪರೂಪ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಇಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳಿಗೆ ಮೈಸೂರು ಇದ್ದಕ್ಕಿದ್ದಂತೆ ಇನ್ನೊಂದು ಊರಾಯಿತು. ಓದು ಮುಗಿದರೆ ವೀಸಾ ಮುಗಿಯುತ್ತದೆ, ವೀಸಾ ಮುಗಿದರೆ ಹೋಗುವುದೆಲ್ಲಿಗೆ? ಬಸ್ಸು, ಹೋಟೆಲು, ಹವೆ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಇಲ್ಲಿ ಅವರಿಗಿದ್ದ ನೆಲೆ. ನೇಪಾಳದವನಿಗೆ 1950ರ ಒಪ್ಪಂದದ ಪ್ರಕಾರ ವೀಸಾವೇ ಬೇಡ. ಕಾಗದಪತ್ರದ ಮಟ್ಟಿಗೆ ನಾಲ್ವರಲ್ಲಿ ಅವನೇ ನಿರಾತಂಕ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಇಕ್ಕಟ್ಟಿನ ಕೋಣೆಯಲ್ಲಿ ಮಲಗುವವನು ಅವನೇ. ಬೈಲಕುಪ್ಪೆಯ ಟಿಬೆಟನ್ನರದು ಇನ್ನೂ ವಿಚಿತ್ರ ಸ್ಥಿತಿ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಕೊಟ್ಟ ಸುಮಾರು ಮೂರು ಸಾವಿರ ಎಕರೆಯಲ್ಲಿ ನೆಲೆಯೂರಿದವರ ಮೊಮ್ಮಕ್ಕಳು ನಮ್ಮಷ್ಟೇ ಸರಾಗವಾಗಿ ಪಿರಿಯಾಪಟ್ಟಣದ ಕನ್ನಡ ಆಡುತ್ತಾರೆ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರಿಗೆ ಕಾನೂನಿನಂತೆ ಹುಟ್ಟಿನಿಂದಲೇ ಪೌರತ್ವದ ಹಕ್ಕಿದೆ. ಅದರ ನಂತರ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಆ ಹಕ್ಕಿಲ್ಲ. ಆದ್ದರಿಂದ ಅಣ್ಣ ಪೌರನಾಗಬಲ್ಲ, ತಮ್ಮ ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು.

ನಾಲ್ವರಿಗೂ ಊರು ಒಂದೇ. ಭಾರತದಲ್ಲಿ ಬದುಕುವುದು ಎಂಬುದು ಒಂದೇ ಬಗೆಯ ಅನುಭವವಾಗಿದ್ದರೆ ಈ ನಾಲ್ವರ ಉತ್ತರ ಒಂದಿಷ್ಟಾದರೂ ಹೊಂದಬೇಕಿತ್ತು. ಹೊಂದುವುದಿಲ್ಲ. ಒಬ್ಬ ಮನುಷ್ಯನ ದಿನಚರಿಯನ್ನು ರೂಪಿಸುವುದರಲ್ಲಿ ಅವನಿರುವ ದೇಶಕ್ಕಿಂತ ಆ ದೇಶದಲ್ಲಿ ಅವನು ಯಾರಾಗಿ ಇದ್ದಾನೆ ಎಂಬುದರ ಪಾಲೇ ದೊಡ್ಡದು ಎಂದು ನಾನು ವಾದಿಸುವುದು ಇದನ್ನು ನೋಡಿಯೇ. ಅತಿಥಿಯಾಗಿಯೋ, ಕೂಲಿಯಾಗಿಯೋ, ಒಡೆಯನಾಗಿಯೋ, ಯಾರದೋ ತಾಯಿಯಾಗಿಯೋ ಎಂಬುದು ಮುಖ್ಯ. ದೇಶಕ್ಕೆ ಪಾಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ಕೊಡುವಷ್ಟು ಪಾಲು ಅದಕ್ಕೆ ಸಲ್ಲದು.

ಈ ಕಣ್ಣಿನಿಂದ ನೋಡಿದರೆ ‘ಅಲ್ಲಿ ಎಲ್ಲ ವ್ಯವಸ್ಥಿತ’ ಎಂಬ ಮಾತು ಅರ್ಧ ನಿಲ್ಲುತ್ತದೆ. ಕರೆಂಟು ಹೋಗುವುದಿಲ್ಲ, ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ, ಕಚೇರಿಯ ಕೆಲಸ ಕಾಗದದಲ್ಲೇ ಮುಗಿಯುತ್ತದೆ. ಇದೆಲ್ಲ ನಿಜ, ಇದರ ಬೆಲೆಯನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ವಲಸೆ ಹೋದವನ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಚೇರಿ ಯಾವುದು? ಆ ದೇಶದಲ್ಲೇ ಹುಟ್ಟಿದವರು ಒಮ್ಮೆಯೂ ಮೆಟ್ಟಿಲು ಹತ್ತದ ಕಚೇರಿ ಅದು. ಅಮೆರಿಕದ ಎಚ್-1ಬಿ ವೀಸಾ ಮೂರು ವರ್ಷದ್ದು, ಸಾಮಾನ್ಯವಾಗಿ ಆರು ವರ್ಷದವರೆಗೆ ವಿಸ್ತರಿಸಬಹುದು. ಗ್ರೀನ್ ಕಾರ್ಡ್ ಸಾಲಿನಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಪಾಲು ಸಲ್ಲದು ಎಂಬ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದ ಎಂಜಿನಿಯರ್ ದಶಕಗಟ್ಟಲೆ ಕಾಯುತ್ತಾನೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲೋ, ವೀಸಾ ಬದಲಿಸಲೋ, ಗಂಟುಮೂಟೆ ಕಟ್ಟಲೋ ಅವನಿಗಿರುವುದು ಹೆಚ್ಚೆಂದರೆ 60 ದಿನ. ಇಲ್ಲಿಂದ ಎತ್ತಿಕೊಂಡು ಹೋದ ಮಗುವಿಗೆ 21 ತುಂಬುವುದರೊಳಗೆ ಸಾಲು ಮುಂದೆ ಸರಿಯದಿದ್ದರೆ ಅದು ತಂದೆಯ ವೀಸಾದ ನೆರಳಿನಿಂದ ಹೊರಗೆ ಬೀಳುತ್ತದೆ. ಇದೆಲ್ಲವೂ ಅಲ್ಲಿಯ ವ್ಯವಸ್ಥೆಯೇ. ಅದು ಕೆಟ್ಟು ನಿಂತಿಲ್ಲ, ಬರೆದ ನಿಯಮದಂತೆಯೇ ನಡೆಯುತ್ತಿದೆ. ರಸ್ತೆಯನ್ನು ಹೊಗಳುವವರು ಈ ಸಾಲನ್ನೂ ಸೇರಿಸಿ ಹೇಳಬೇಕು.

ನಮ್ಮ ಕಡೆಯದನ್ನೂ ಹೇಳದಿದ್ದರೆ ನ್ಯಾಯವಾಗದು. ವಿದೇಶಿ ಬಾಡಿಗೆದಾರರು ಬಂದು ಇಳಿದ 24 ಗಂಟೆಯೊಳಗೆ ಮನೆಯೊಡೆಯರು ಅವರ ವಿವರಗಳ ಫಾರಂ ತುಂಬಬೇಕು. ನಮ್ಮ ಬೀದಿಯ ವಯಸ್ಸಾದ ಮನೆಯೊಡತಿಯೊಬ್ಬರು ಅದನ್ನು ತುಂಬುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಪಾಸ್‌ಪೋರ್ಟಿನ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುತ್ತಾರೆ, ಮೊಮ್ಮಗ ಟೈಪ್ ಮಾಡುತ್ತಾನೆ. ವೀಸಾ ಸಂಖ್ಯೆ, ಅದು ಮುಗಿಯುವ ತಾರೀಖು, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ. ಫೋಟೊ ಕೇಳಿದ ಅಳತೆಗಿಂತ ದೊಡ್ಡದಾಯಿತೆಂದು ಪರದೆ ಮತ್ತೆ ಮೊದಲಿನ ಪುಟಕ್ಕೆ ಹೋಗುತ್ತದೆ. ಎದುರಿನ ಕುರ್ಚಿಯಲ್ಲಿ ಕೂತ ಹುಡುಗಿ ನಗುತ್ತ ಕ್ಷಮೆ ಕೇಳುತ್ತಾಳೆ, ಇವರು ‘ಇರಲಿ ಬಿಡಮ್ಮ’ ಎಂದು ಕಾಫಿ ಕೊಡುತ್ತಾರೆ. ಆ ಹುಡುಗಿ ತನ್ನ ಊರಿಗೆ ಹೋಗಿ ಹೇಳುವುದು ಈ ಕಾಫಿಯ ಬಗ್ಗೆ. ಭಾರತದಲ್ಲಿ ಎಲ್ಲವೂ ಮನುಷ್ಯರ ಮೂಲಕ ನಡೆಯುತ್ತದೆ ಎಂದು. ಜರ್ಮನಿಯಲ್ಲಿ ಮನೆ ಹಿಡಿದವರು ಎರಡು ವಾರದೊಳಗೆ ತಾವೇ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅಲ್ಲಿ ಯಾರೂ ಕಾಫಿ ಕೊಡುವುದಿಲ್ಲ. ಆದರೆ ಅಲ್ಲಿ ಆ ನಿಯಮ ಊರಿನವರಿಗೂ ಪರದೇಶಿಗೂ ಒಂದೇ. ಒಂದು ಕಡೆ ಸೌಜನ್ಯವಿದೆ, ಇನ್ನೊಂದು ಕಡೆ ಸಮಾನತೆ. ಒಂದನ್ನು ನೋಡಿ ಇನ್ನೊಂದನ್ನು ಮರೆತ ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಾರೆ.

ಸ್ವಚ್ಛತೆಯ ಮಾತನ್ನು ಬೇಗ ಮುಗಿಸಬಹುದು. 2015 ಮತ್ತು 2016ರ ರಾಷ್ಟ್ರೀಯ ಶ್ರೇಯಾಂಕಗಳಲ್ಲಿ ಮೈಸೂರು ಮೊದಲ ಸ್ಥಾನದಲ್ಲಿತ್ತು. ಇದು ಭಾರತೀಯರ ರಕ್ತದಲ್ಲಿ ಶುಚಿತ್ವವಿಲ್ಲ ಎನ್ನುವವರಿಗೂ, ನಮ್ಮ ಸಂಸ್ಕೃತಿಯೇ ಶುಚಿ ಎನ್ನುವವರಿಗೂ ಅಡ್ಡಿಯಾಗುವ ಸಂಗತಿ. ಬೆಳಗಿನ ಜಾವ ಬರುವ ಪೌರಕಾರ್ಮಿಕರ ದುಡಿಮೆ ಮತ್ತು ಕಸ ಬೇರ್ಪಡಿಸಿ ಕೊಡುವ ಮನೆಯವರ ರೂಢಿ, ಎರಡೂ ಸೇರಿದ ವರ್ಷ ಊರು ಚೆನ್ನಾಗಿರುತ್ತದೆ. ಒಂದು ಸಡಿಲಾದರೆ ಕಾಳಿದಾಸ ರಸ್ತೆಯ ಮೂಲೆಯಲ್ಲೇ ಅದು ಕಾಣುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಎರಡನೆಯ ನಂಬಿಕೆ: ಅಲ್ಲಿ ಒಂಟಿತನ, ಇಲ್ಲಿ ಜನ. ಇದಕ್ಕೆ ನಾವು ಕೊಡುವ ಸಾಕ್ಷಿ ಸಾಮಾನ್ಯವಾಗಿ ಆರು ತಿಂಗಳು ಮಗನ ಮನೆಯಲ್ಲಿದ್ದು ಬಂದ ತಾಯಂದಿರದು. ಟೆಕ್ಸಾಸ್‌ನಿಂದ ಮರಳಿದ ನೆರೆಯವರೊಬ್ಬರು ನನ್ನ ಹತ್ತಿರ ಹೇಳಿದ್ದು: ‘ಅಲ್ಲಿ ಮನುಷ್ಯರೇ ಕಾಣಲ್ಲ ಕಣ್ರೀ.’ ಅವರ ದಿನ ಹೀಗಿತ್ತು. ಎಂಟರ ಹೊತ್ತಿಗೆ ಮಗ, ಸೊಸೆ, ಮೊಮ್ಮಕ್ಕಳು ಹೊರಡುತ್ತಾರೆ. ಕಿಟಕಿಯಿಂದ ನೋಡಿದರೆ ಕಾರುಗಳು, ಹುಲ್ಲು, ಮತ್ತೆ ಕಾರುಗಳು. ಕೊತ್ತಂಬರಿ ಸೊಪ್ಪು ಬೇಕೆಂದರೂ ಶನಿವಾರದವರೆಗೆ ಕಾಯಬೇಕು, ಅಂಗಡಿಗೆ ನಡೆದು ಹೋಗುವ ದಾರಿಯೇ ಇಲ್ಲ. ಕಾಯಿಲೆ ಬಿದ್ದರೆ ಎಂಬ ಹೆದರಿಕೆ ಬೇರೆ, ಏಕೆಂದರೆ ಕೊಂಡು ಹೋದ ವಿಮೆ ಹಳೆಯ ಬಿಪಿ, ಸಕ್ಕರೆ ಕಾಯಿಲೆಗಳಿಗೆ ಅನ್ವಯಿಸುವುದಿಲ್ಲ. ಈ ಒಂಟಿತನ ನಿಜ. ಆದರೆ ಇದು ‘ಅಮೆರಿಕದ’ ಒಂಟಿತನವೇ? ಅದೇ ದೇಶದ ಜರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂ ಹತ್ತಿರ ಮಗಳ ಮನೆಯಿದ್ದ ಇನ್ನೊಬ್ಬರು ಬೆಳಿಗ್ಗೆ ನಡೆದು ಹೋಗಿ ತರಕಾರಿ ತರುತ್ತಿದ್ದರು, ದಾರಿಯಲ್ಲಿ ಸಿಕ್ಕ ಗುಜರಾತಿ ಹೆಂಗಸರ ಜೊತೆ ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದರು. ಸಿಂಗಪುರದಲ್ಲಿ ಮಗನ ಮನೆಗೆ ಹೋದವರು ಬಸ್ಸಿನ ಕಾರ್ಡು ಹಿಡಿದು ತಾವೇ ಲಿಟ್ಲ್ ಇಂಡಿಯಾಕ್ಕೆ ಹೋಗಿ ಹೂವು ತಂದದ್ದನ್ನು ಸಂತೋಷದಿಂದ ಹೇಳುತ್ತಾರೆ. ಮೊದಲನೆಯವರಿಗೆ ಇಲ್ಲದೆ ಹೋದದ್ದು ಕಾಲುದಾರಿ, ಬಸ್ಸು ಮತ್ತು ತಮ್ಮ ಕಾಯಿಲೆಯನ್ನು ಒಪ್ಪಿಕೊಳ್ಳುವ ಆಸ್ಪತ್ರೆ. ಅವನ್ನು ‘ಜನ’ ಎಂದು ಕರೆದು ನಾವು ರಾಷ್ಟ್ರಸ್ವಭಾವದ ಮಾತು ಮಾಡಿದೆವು.

ಈಗ ಇಲ್ಲಿಯ ಜನದ ಮಾತು. ಒಂಟಿಕೊಪ್ಪಲಿನ ಹಳೆಯ ದೊಡ್ಡ ಮನೆಗಳನ್ನು ನೋಡಿ. ಕುವೆಂಪು ಅವರ ‘ಉದಯರವಿ’ ಇರುವ ಬಡಾವಣೆ ಇದು. ಮೇಷ್ಟರು, ವಕೀಲರು, ಸರ್ಕಾರಿ ನೌಕರರು ಉಳಿಸಿದ ದುಡ್ಡಿನಲ್ಲಿ ಮಕ್ಕಳು ಮೊಮ್ಮಕ್ಕಳಿಗೆಂದು ಕಟ್ಟಿದ ಮನೆಗಳು. ಹಲವು ಮನೆಗಳಲ್ಲಿ ಈಗ ಇರುವುದು ಇಬ್ಬರು, ಇಲ್ಲವೆ ಒಬ್ಬರು. ಮಹಡಿಯ ಕೋಣೆಗಳಿಗೆ ಬೀಗ. ಮುಂಬಾಗಿಲಿನ ಕ್ಯಾಮೆರಾದಲ್ಲಿ ಯಾರು ಬಂದರೆಂದು ಸಿಯಾಟಲ್‌ನಿಂದ ಮಗ ನೋಡುತ್ತಾನೆ. ಮಂಡಿನೋವು ಬಂದ ಮೇಲೆ, ಕಲ್ಲು ಎದ್ದ ಕಾಲುದಾರಿಯಲ್ಲಿ ಚೆಲುವಾಂಬ ಪಾರ್ಕ್‌ವರೆಗೆ ಹೋಗುವುದು ಅವರಿಗೆ ಆಗದ ಕೆಲಸ. ಹಾಗಾದಾಗ ಅವರ ದಿನಕ್ಕೂ ಟೆಕ್ಸಾಸ್‌ನ ಕಿಟಕಿಯ ಹಿಂದಿನ ದಿನಕ್ಕೂ ಎಷ್ಟು ವ್ಯತ್ಯಾಸ? ವ್ಯತ್ಯಾಸ ಇದೆ ಎಂದು ನೀವು ಹೇಳಬಹುದು. ಹಾಲಿನವನು ಬರುತ್ತಾನೆ, ಹೂವಿನವಳು ಕೂಗುತ್ತಾಳೆ, ಔಷಧಿ ಅಂಗಡಿಯ ಹುಡುಗ ಮಾತ್ರೆ ಮನೆಗೇ ತಂದುಕೊಡುತ್ತಾನೆ. ಒಪ್ಪುತ್ತೇನೆ. ಆದರೆ ಹಾಗೆ ಬರುವವರೆಲ್ಲ ಕೆಲಸಕ್ಕೆ ಬರುವವರು. ಕೂತು ಮಾತಾಡಲು ಬರುವವರ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿದರೆ ‘ನಮ್ಮಲ್ಲಿ ಜನ ಇದ್ದಾರೆ’ ಎಂಬ ಹೆಮ್ಮೆ ಸ್ವಲ್ಪ ತಗ್ಗೀತು. ಇತ್ತ ಅಮೆರಿಕದ ಕನ್ನಡ ಕೂಟಗಳವರು ಯುಗಾದಿಗೆಂದು ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ಸೇರುತ್ತಾರೆ. ನಾವು ಎದುರು ಮನೆಗೆ ಬೇವುಬೆಲ್ಲ ಕೊಡಲು ಹೋಗುವುದು ಕಡಿಮೆಯಾಗಿದೆ. ವಲಸೆ ಹೋದವರ ಒಂಟಿತನದ ಒಂದು ಭಾಗ ಅವರ ಜೊತೆ ಹೋಯಿತು, ಇನ್ನೊಂದು ಭಾಗ ಅವರು ಬಿಟ್ಟುಹೋದ ಮನೆಯಲ್ಲಿ ಉಳಿಯಿತು. ಎರಡನ್ನೂ ಸೇರಿಸದೆ ಅಲ್ಲಿಯದನ್ನು ಮಾತ್ರ ಎಣಿಸುವುದು ಸರಿಯಲ್ಲ.

ಅಲ್ಲಿ ದುಡಿಮೆಗೆ ಗೌರವವಿದೆ, ಎಲ್ಲರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂಬ ಮೆಚ್ಚುಗೆಯೂ ಸಾಮಾನ್ಯ. ಬೋಸ್ಟನ್‌ನಲ್ಲಿ ಪಾತ್ರೆ ತೊಳೆದು, ಬಚ್ಚಲು ಉಜ್ಜುವ ಮಗ ಇಲ್ಲಿಗೆ ಬಂದ ಮೂರನೆಯ ದಿನಕ್ಕೆ ತಟ್ಟೆಯನ್ನು ಊಟದ ಮೇಜಿನ ಮೇಲೆಯೇ ಬಿಟ್ಟು ಏಳುತ್ತಾನೆ. ಅದೇ ಓದಿನ ಅವನ ಗೆಳೆಯ ದುಬೈನಲ್ಲಿ ಮನೆಗೆಲಸಕ್ಕೆ ಜನ ಇಟ್ಟುಕೊಂಡಿದ್ದಾನೆ. ಕಲಿತ ಮೌಲ್ಯವೇ ಆಗಿದ್ದರೆ ಅದು ವಿಮಾನದಿಂದ ಇಳಿಯುವಾಗ ಕಳಚಿ ಬೀಳುತ್ತಿರಲಿಲ್ಲ. ಒಬ್ಬರ ಒಂದು ಗಂಟೆಯ ದುಡಿಮೆಗೆ ಎಷ್ಟು ಕೊಡಬೇಕು ಎಂಬುದರ ಮೇಲೆ ಇದು ನಿಂತಿದೆ ಎಂದು ತೋರುತ್ತದೆ. ಬೆಲೆ ಹೆಚ್ಚಾದಲ್ಲಿ ತಾವೇ ಮಾಡಿಕೊಳ್ಳುತ್ತಾರೆ, ಕಡಿಮೆಯಿದ್ದಲ್ಲಿ ಮಾಡಿಸಿಕೊಳ್ಳುತ್ತಾರೆ. ಆದರೂ ಒಂದು ಮಾತು ಉಳಿಯುತ್ತದೆ. ಬೆಲೆ ಹೆಚ್ಚಿರುವ ಊರಿನಲ್ಲಿ ಬಚ್ಚಲು ತೊಳೆಯುವವರೂ ಕಾರಿನಲ್ಲಿ ಬರುತ್ತಾರೆ, ಅವರ ಮಕ್ಕಳು ನಿಮ್ಮ ಮಕ್ಕಳ ಶಾಲೆಗೇ ಹೋಗಬಲ್ಲರು. ಮೆಚ್ಚಬೇಕಾದದ್ದು ಅಲ್ಲಿಗೆ ಹೋಗಿ ಪಾತ್ರೆ ತೊಳೆಯಲು ಕಲಿತ ನಮ್ಮ ಹುಡುಗರನ್ನಲ್ಲ, ಆ ಕೂಲಿಯನ್ನು. ಒಂಟಿಕೊಪ್ಪಲಿನಲ್ಲಿ ಮನೆಗೆಲಸದವರಿಗೆ ಎಷ್ಟು ಕೊಡುತ್ತೇವೆ, ವಾರಕ್ಕೊಂದು ರಜೆ ಕೊಡುತ್ತೇವೆಯೇ ಎಂಬ ಪ್ರಶ್ನೆಗೆ ಹೊರದೇಶದ ಉದಾಹರಣೆಯೇ ಬೇಡ.

ಇನ್ನು, ಅವರು ನೆಮ್ಮದಿ ಹುಡುಕಿಕೊಂಡು ನಮ್ಮಲ್ಲಿಗೆ ಬರುತ್ತಾರೆ, ನಾವು ಅದನ್ನು ಬಿಟ್ಟು ಅಲ್ಲಿಗೆ ಹೋಗುತ್ತೇವೆ ಎಂಬ ಮಾತು. ಹೇಳಲು ಸೊಗಸಾಗಿದೆ, ಭಾಷಣಗಳಲ್ಲಿ ಚಪ್ಪಾಳೆಯೂ ಬರುತ್ತದೆ. ಗೋಕುಲಂಗೆ ಬಂದವರು ಬೆಳಕು ಹರಿಯುವ ಮೊದಲೇ ಎದ್ದು ಮಾಡುವ ಸಾಧನೆ ಕಠಿಣವಾದದ್ದು. ಅದನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಅವರ ನೆಮ್ಮದಿಗೆ ಮೈಸೂರೊಂದೇ ಕಾರಣವೇ? ಕೆಲವು ತಿಂಗಳ ಬಿಡುವಿದೆ. ಗಳಿಕೆ ಯೂರೋದಲ್ಲಿ, ಖರ್ಚು ರೂಪಾಯಿಯಲ್ಲಿ. ನೋಡಿಕೊಳ್ಳಬೇಕಾದ ಅತ್ತೆಮಾವ ಇಲ್ಲಿಲ್ಲ, ಮಗುವಿನ ಶಾಲೆಯ ಶುಲ್ಕ ಕಟ್ಟುವ ಕೊನೆಯ ದಿನವಿಲ್ಲ. ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಕಾವೇರಿ ನೀರು ಬರುವ ಹೊತ್ತಿಗೆ ಎದ್ದು, ತಿಂಡಿ ಮಾಡಿ, ಡಬ್ಬಿ ಕಟ್ಟಿ, ಬ್ಯಾಂಕಿನ ಕೆಲಸಕ್ಕೆ ಓಡುವ ಹೆಂಗಸಿಗೂ ಮೈಸೂರೇ. ಅವಳಿಗೆ ಆ ನೆಮ್ಮದಿ ಏಕೆ ಸಿಕ್ಕಿಲ್ಲ? ಅವಳನ್ನು ಮೂರು ತಿಂಗಳು ಸಂಬಳ ಸಹಿತ ಪೋರ್ಚುಗಲ್‌ನ ಕಡಲ ತೀರದಲ್ಲಿ ಬಿಟ್ಟರೆ ಅವಳಿಗೂ ಪೋರ್ಚುಗಲ್ ನೆಮ್ಮದಿಯ ನಾಡಾಗಿ ಕಂಡೀತು.

ಪರದೇಶವಾಸಿಗಳನ್ನು ಕೇಳಿ ದೇಶಗಳಿಗೆ ಶ್ರೇಯಾಂಕ ಕೊಡುವ ಸಮೀಕ್ಷೆಗಳನ್ನೂ ಇದೇ ಎಚ್ಚರದಿಂದ ಓದಬೇಕು. ಇಂಟರ್‌ನೇಷನ್ಸ್ ಎಂಬ ಸಂಸ್ಥೆಯ 2024ರ ಪಟ್ಟಿಯಲ್ಲಿ ಪನಾಮಾ ಮೊದಲು, ಕುವೈತ್ ಕೊನೆ. ಪನಾಮಾದಲ್ಲಿ ಅಮೆರಿಕದ ಡಾಲರೇ ಚಲಾವಣೆಯಲ್ಲಿದೆ, ಪಿಂಚಣಿದಾರರಿಗೆಂದೇ ರಿಯಾಯಿತಿಗಳುಳ್ಳ ವೀಸಾ ಇದೆ. ಕುವೈತ್‌ನಲ್ಲಿ ಎಷ್ಟು ವರ್ಷ ದುಡಿದರೂ ಪೌರತ್ವದ ಸಾಮಾನ್ಯ ದಾರಿ ಇಲ್ಲ. ಆದರೆ ಆ ಕೊನೆಯ ದೇಶದಲ್ಲಿರುವ ವಿದೇಶಿಯರಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ಕರಾವಳಿಯ ಎಷ್ಟೋ ಮನೆಗಳಲ್ಲಿ ತಂಗಿಯ ಮದುವೆ, ತಮ್ಮನ ಓದು, ಊರಿನ ಹೊಸ ಮನೆ ನಡೆದದ್ದು ಕೊಲ್ಲಿಯ ದುಡಿಮೆಯಿಂದ. ಪಟ್ಟಿ ಸುಳ್ಳಲ್ಲ. ಅದು ಇನ್ನೊಂದು ಸ್ಥಾನದಲ್ಲಿ ನಿಂತವರ ಉತ್ತರ.

ನಮ್ಮ ಊರಿನ ಹೆಸರು ಹೊತ್ತ ಒಂಟಿಕೊಪ್ಪಲ್ ಪಂಚಾಂಗವನ್ನು ಹೊರದೇಶದ ಅಡುಗೆಮನೆಗೆ ಒಯ್ದವರಿಗೆ ಈ ಮಾತು ಬೇಗ ಹೊಳೆಯುತ್ತದೆ. ತಿಥಿ ಆರಂಭವಾಗುವ ಕ್ಷಣ ಜಗತ್ತಿಗೆಲ್ಲ ಒಂದೇ. ಆದರೆ ಯಾವ ದಿನ ಉಪವಾಸ ಎಂಬುದನ್ನು ತೀರ್ಮಾನಿಸುವುದು ನೀವಿರುವ ಊರಿನ ಸೂರ್ಯೋದಯ. ಇಲ್ಲಿ ಸೋಮವಾರ ಬಿದ್ದ ಏಕಾದಶಿ ನ್ಯೂಜೆರ್ಸಿಯಲ್ಲಿ ಭಾನುವಾರವೇ ಬೀಳಬಹುದು. ಅಲ್ಲಿಯ ಆಸ್ತಿಕರು ಅದನ್ನು ಲೆಕ್ಕ ಹಾಕಿಯೇ ಆಚರಿಸುತ್ತಾರೆ. ವ್ರತದ ವಿಷಯದಲ್ಲಿ ಇರುವ ಈ ಎಚ್ಚರ ಬದುಕನ್ನು ಹೋಲಿಸುವಾಗ ನಮ್ಮಲ್ಲಿ ಕಡಿಮೆ.

ಕನ್ನಡದಲ್ಲಿ ಹೊರದೇಶದ ಬದುಕಿನ ಚಿತ್ರ ಹೆಚ್ಚಾಗಿ ಬಂದಿರುವುದು ಪ್ರವಾಸಕಥನಗಳ ಮೂಲಕ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಅದರ ಸೂಕ್ಷ್ಮ ನೋಟದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅದು ಹೋಗಿ ಬಂದವರ ನೋಟ. ಮೈಸೂರಿನಲ್ಲೇ 1929ರಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕಕ್ಕೆ ಹೋಗಿ, ಷಿಕಾಗೋದಲ್ಲೇ ಉಳಿದು, ಅಲ್ಲಿಂದಲೇ ಕನ್ನಡದಲ್ಲಿ ಕವಿತೆ ಬರೆದ ಎ.ಕೆ. ರಾಮಾನುಜನ್ ಅವರಿಗೆ ಕಂಡ ಅಮೆರಿಕ ಬೇರೆಯಾಗಿದ್ದಿರಲೇಬೇಕು. ಅಲ್ಲಿ ಟ್ರಕ್ ಓಡಿಸುವ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ, ಗಂಡನ ವೀಸಾದ ಕಾರಣದಿಂದ ವರ್ಷಗಟ್ಟಲೆ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತ ಕನ್ನಡಿಗರ ಬರಹ ನಮಗೆ ಇನ್ನೂ ಸಾಕಷ್ಟು ಬಂದಿಲ್ಲ. ಬರಬೇಕು. ಅಲ್ಲಿಯವರೆಗೆ ಅತಿಥಿಗಳು ಕಂಡದ್ದನ್ನೇ ನಾವು ದೇಶ ಎಂದು ತಿಳಿದಿರುತ್ತೇವೆ.

ಒಬ್ಬ ಪರದೇಶಿಯ ನೆಲೆಯನ್ನು ತೀರ್ಮಾನಿಸುವ ಸಂಗತಿಗಳಲ್ಲಿ ವೀಸಾ ಸರ್ಕಾರದ ಕೈಯಲ್ಲಿದೆ, ಕೂಲಿ ಮಾರುಕಟ್ಟೆಯ ಕೈಯಲ್ಲಿದೆ. ಒಂದು ಮಾತ್ರ ಬೀದಿಯವರ ಕೈಯಲ್ಲಿದೆ: ಅವರನ್ನು ಯಾವ ಭಾಷೆಯಲ್ಲಿ ಮಾತಾಡಿಸುತ್ತೇವೆ ಎಂಬುದು. ಇಲ್ಲಿಯೂ ನಮ್ಮ ರೂಢಿಯ ನಂಬಿಕೆಯನ್ನು ನಾನು ಒಪ್ಪಲಾರೆ. ಜರ್ಮನ್ನರು ಬಿಗಿ, ಭಾಷೆ ಬಾರದಿದ್ದರೆ ಕಷ್ಟ. ನಾವು ಧಾರಾಳಿಗಳು, ಇಂಗ್ಲಿಷಿನಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತೇವೆ ಎಂದು ನಾವು ಹೆಮ್ಮೆಪಡುತ್ತೇವೆ. ಜರ್ಮನಿಯಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಪಡೆಯಲೂ ಒದ್ದಾಡಿದೆ ಎಂದು ಅಲ್ಲಿಗೆ ಹೋದ ನಮ್ಮ ಹುಡುಗಿಯರು ಹೇಳುವುದು ನಿಜ. ಆದರೆ ಆ ಒದ್ದಾಟಕ್ಕೆ ಒಂದು ಕೊನೆಯಿದೆ. 2024ರ ಜೂನ್‌ನಿಂದ ಜಾರಿಗೆ ಬಂದ ಕಾನೂನಿನಂತೆ, ಮಧ್ಯಮ ಮಟ್ಟದ ಜರ್ಮನ್ ಕಲಿತು ಬೇರೆ ಷರತ್ತುಗಳನ್ನೂ ಪೂರೈಸಿದವರು ಐದು ವರ್ಷಕ್ಕೆ ಪೌರತ್ವ ಕೇಳಬಹುದು. ನಮ್ಮಲ್ಲಿ ಹತ್ತು ಸಲ ಬಂದುಹೋದ ಯೋಗ ಶಿಕ್ಷಕರಿಗೂ ಕನ್ನಡದ ನಾಲ್ಕು ಮಾತು ಬಾರದಿರುವುದನ್ನು ಕಂಡಿದ್ದೇನೆ. ತಪ್ಪು ಅವರದೇ ಎಂದು ಖಚಿತವಾಗಿ ಹೇಳಲಾರೆ. ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ಕಷ್ಟಪಟ್ಟು ‘ಬೆಂಡೆಕಾಯಿ ಎಷ್ಟು?’ ಎಂದು ಕೇಳಿದಾಗ ಅಂಗಡಿಯವನು, ಜೊತೆಗೆ ಪಕ್ಕದಲ್ಲಿ ನಿಂತ ನಾವು, ಒಟ್ಟಿಗೇ ‘ಫಾರ್ಟಿ’ ಎಂದೆವು. ಪ್ರೀತಿಯಿಂದಲೇ ಹಾಗೆ ಹೇಳಿದ್ದು. ಆದರೆ ಆ ಉತ್ತರ ಅವರನ್ನು ಅತಿಥಿಯ ಜಾಗದಲ್ಲೇ ಕೂರಿಸಿತು. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂಬ ನಮ್ಮ ದೂರಿಗೂ ನಮ್ಮ ಈ ಉಪಚಾರಕ್ಕೂ ಸಂಬಂಧವಿದೆ ಎಂದು ನನಗೆ ತೋರುತ್ತದೆ.

ಭಾರತದ ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿ ವಿದೇಶಿಯೊಬ್ಬರು ಪೌರರಾಗಲು ಹಾಕುವ ಷರತ್ತುಗಳಲ್ಲಿ ಒಂದು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆಯನ್ನು ಸಾಕಷ್ಟು ತಿಳಿದಿರುವುದು. ಆ ಅನುಸೂಚಿಯಲ್ಲಿ ಇಂಗ್ಲಿಷ್ ಇಲ್ಲ, ಕನ್ನಡ ಇದೆ. ವೀಸಾ ಕೊಡಿಸುವುದು ನಿಮ್ಮಿಂದಲೋ ನನ್ನಿಂದಲೋ ಆಗುವ ಕೆಲಸವಲ್ಲ. ಆದರೆ ಮಹಡಿ ಮನೆಯ ಯೋಗ ವಿದ್ಯಾರ್ಥಿನಿ ಇರಲಿ, ಬಾಡಿಗೆ ಮನೆ ಹುಡುಕುತ್ತಿರುವ ತಾಂಜಾನಿಯಾದ ಹುಡುಗ ಇರಲಿ, ಗೇಟಿನ ಮುಂದೆ ನಿಂತ ಗೂರ್ಖಾ ಇರಲಿ, ಕನ್ನಡದಲ್ಲಿ ಒಂದು ಮಾತು ಕೇಳಿದರೆ ದಯವಿಟ್ಟು ಕನ್ನಡದಲ್ಲೇ ಉತ್ತರ ಕೊಡಿ.